ವೈರಿಯ ಹೆಸರು ಹೇಳದೆ ಅವನನ್ನು ಪ್ರೀತಿಸುವುದು ಹೇಗೆ?

ವೈರಿಯನ್ನು ಪ್ರೀತಿಸಬೇಕೆಂಬ ಯೇಸುವಿನ ಬೋಧನೆಯನ್ನು ನಮ್ಮ ನಾಡಿನಲ್ಲಿ ಅತಿ ಹೆಚ್ಚು ನೆನಪಿಸಿಕೊಳ್ಳುವವರು ಕ್ರೈಸ್ತರೇ ಎಂದು ಯಾರಾದರೂ ಭಾವಿಸಿದ್ದರೆ ಅದು ಪೂರ್ತಿ ಸರಿಯಲ್ಲ. ಚರ್ಚಿನ ಗಾಜು ಒಡೆದ ಮರುದಿನ ನಡೆಯುವ ಶಾಂತಿ ಸಭೆಗಳಲ್ಲಿ, ಪತ್ರಿಕೆಗಳ ವಾಚಕರ ವಾಣಿಯಲ್ಲಿ, ಟಿ.ವಿ. ಚರ್ಚೆಗಳಲ್ಲಿ ಈ ಬೋಧನೆಯನ್ನು ಬಾಯಿಪಾಠ ಒಪ್ಪಿಸುವವರು ಬೇರೆಯೇ ಇದ್ದಾರೆ. ‘ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರಿಸಿ ಎಂದು ನಿಮ್ಮ ಯೇಸುವೇ ಹೇಳಿಲ್ಲವೇ? ಮತ್ತೇಕೆ ಈ ಪ್ರತಿಭಟನೆ, ದೂರು, ಕೋರ್ಟು?’ ಎಂಬುದು ಅವರ ಪ್ರಶ್ನೆ. ಪೆಟ್ಟು ತಿಂದವನ ಧರ್ಮಗ್ರಂಥದಿಂದಲೇ ಒಂದು ವಾಕ್ಯವನ್ನು ಎತ್ತಿಕೊಂಡು ಅವನ ಬಾಯಿ ಮುಚ್ಚಿಸುವ ಈ ಜಾಣತನವನ್ನು ನಮ್ಮ ಬುದ್ಧಿಜೀವಿಗಳು ಸಾಕಷ್ಟು ವಿಮರ್ಶೆಗೆ ಒಳಪಡಿಸಿಲ್ಲ. ಚರ್ಚಿನ ಪೀಠದಿಂದ ಬರುವ ಉಪದೇಶಗಳೂ ಹಲವು ಬಾರಿ ಅರಿವಿಲ್ಲದೆಯೇ ಈ ಜಾಣತನಕ್ಕೆ ನೆರವಾಗಿವೆ.

ಮೊದಲು ಬೋಧನೆಯನ್ನೇ ನೋಡೋಣ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಪರ್ವತ ಪ್ರಸಂಗ ಎಂದು ಹೆಸರಾದ ಉಪದೇಶದಲ್ಲಿ ಅದು ಬರುತ್ತದೆ. ಕೇಳುತ್ತಿದ್ದವರು ಗಲಿಲಾಯದ ಬಡ ಜನ. ಅವರ ನಾಡು ರೋಮನ್ನರ ಕೈಯಲ್ಲಿತ್ತು. ರೋಮನ್ ಸೈನಿಕ ದಾರಿಯಲ್ಲಿ ಹೋಗುವ ಯಾರನ್ನಾದರೂ ಹಿಡಿದು ತನ್ನ ಹೊರೆ ಹೊರಿಸಬಹುದಿತ್ತು. ಅಂತಹ ಜನರ ಮುಂದೆ ವೈರಿ ಎಂಬ ಮಾತು ಬಂದಾಗ ಅದು ಯಾರನ್ನು ಕುರಿತದ್ದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯೇಸು ‘ನಿಮಗೆ ವೈರಿಗಳೇ ಇಲ್ಲ’ ಎನ್ನುವುದಿಲ್ಲ. ವೈರಿ ಇದ್ದಾನೆ, ಅವನು ಹಿಂಸಿಸುತ್ತಿದ್ದಾನೆ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಅವನಿಗಾಗಿ ಪ್ರಾರ್ಥಿಸುವ ಮಾತು ಬರುತ್ತದೆ. ಹಿಂಸೆಯನ್ನು ಹಿಂಸೆ ಎಂದು ಕರೆಯದವನಿಗೆ ಈ ಆದೇಶ ಅನ್ವಯಿಸುವುದೇ ಇಲ್ಲ.

ಅಮೆರಿಕದ ದೇವಶಾಸ್ತ್ರಜ್ಞ ವಾಲ್ಟರ್ ವಿಂಕ್ ಕೆನ್ನೆಯ ಮಾತಿಗೆ ಕೊಟ್ಟ ವಿವರಣೆ ಬಹಳ ಪ್ರಸಿದ್ಧ. ಎದುರಿಗೆ ನಿಂತವನ ಬಲಗೆನ್ನೆಗೆ ಬಲಗೈಯಿಂದ ಹೊಡೆಯಬೇಕಾದರೆ ಅಂಗೈಯ ಹಿಂಬದಿಯಿಂದಲೇ ಹೊಡೆಯಬೇಕು. ಅದು ಸಮಾನರ ನಡುವಿನ ಜಗಳದ ಪೆಟ್ಟಲ್ಲ, ಧಣಿ ಆಳಿಗೆ ಕೊಡುವ ಪೆಟ್ಟು. ಆಳು ಇನ್ನೊಂದು ಕೆನ್ನೆಯನ್ನು ತಿರುಗಿಸಿದರೆ ಧಣಿ ಅದೇ ರೀತಿಯಲ್ಲಿ ಮತ್ತೆ ಹೊಡೆಯಲಾರ; ಹೊಡೆಯಲೇಬೇಕಾದರೆ ಸಮಾನನಿಗೆ ಹೊಡೆದಂತೆ ಹೊಡೆಯಬೇಕಾಗುತ್ತದೆ. ಈ ವಿವರಣೆಯನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲವಾದರೂ ಅದರ ಸಾರ ಸ್ಪಷ್ಟವಾಗಿದೆ: ಇಲ್ಲಿರುವುದು ತಲೆ ತಗ್ಗಿಸುವ ಪಾಠವಲ್ಲ. ಮಾರ್ಟಿನ್ ಲೂಥರ್ ಕಿಂಗ್ 1957ರಲ್ಲಿ ಮಾಂಟ್‌ಗೊಮರಿಯ ತಮ್ಮ ಚರ್ಚಿನಲ್ಲಿ ಇದೇ ವಿಷಯದ ಮೇಲೆ ಉಪದೇಶ ಕೊಟ್ಟರು. ವೈರಿಯನ್ನು ಪ್ರೀತಿಸುವುದಕ್ಕೂ ಮೆಚ್ಚುವುದಕ್ಕೂ ಅವರು ಅಂತರ ಹೇಳಿದರು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಅದೇ ಊರಿನ ಬಸ್ಸುಗಳಲ್ಲಿ ಕರಿಯರು ಹಿಂದಿನ ಸೀಟಿನಲ್ಲಿ ಕೂರಬೇಕೆಂಬ ನಿಯಮವನ್ನು ಬಹಿಷ್ಕಾರ ಹೂಡಿ, ಕೋರ್ಟಿಗೆ ಹೋಗಿ ಮುರಿದಿದ್ದರು. ಪ್ರೀತಿಯ ಉಪದೇಶ ಮತ್ತು ಕೋರ್ಟಿನ ದಾವೆ ಅವರಿಗೆ ಒಂದಕ್ಕೊಂದು ವಿರುದ್ಧವೆನಿಸಲಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ನಗರದಲ್ಲಿ ಕುಳಿತು ವೈರಿಪ್ರೀತಿಯ ಬಗ್ಗೆ ಮಾತನಾಡುವುದು ಸುಲಭ. ಅಲ್ಲಿ ವೈರಿಗೆ ಮುಖವಿರುವುದಿಲ್ಲ. ಅವನು ಬೈಕಿನ ಮೇಲೆ ಬಂದು ಹೋಗುವ ಗುಂಪು. ಆದರೆ ಕಡೂರು ತಾಲ್ಲೂಕಿನ ಯಗಟಿಯಂತಹ ಬಯಲುಸೀಮೆಯ ಹೋಬಳಿ ಊರೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂತಹ ಊರಿನಲ್ಲಿ ಒಂದೋ ಎರಡೋ ಮನೆಯವರು ಭಾನುವಾರ ಒಂದೆಡೆ ಸೇರಿ ಪ್ರಾರ್ಥನೆ ಮಾಡುತ್ತಾರೆ ಎನ್ನೋಣ. ಅವರನ್ನು ವಿರೋಧಿಸುವವನಿಗೆ ಹೆಸರಿದೆ, ಅವನ ಅಪ್ಪನ ಹೆಸರೂ ಗೊತ್ತಿದೆ. ಅವನದೇ ಅಂಗಡಿಯಲ್ಲಿ ಸಾಲ ಬರೆಸಿ ಅಕ್ಕಿ ಬೇಳೆ ತರಬೇಕು. ಅವನ ಬೋರ್‌ವೆಲ್ಲಿನಿಂದ ನೀರು ಬಿಡಿಸಿಕೊಳ್ಳಬೇಕು. ಅವನ ಮಗ ಮತ್ತು ಇವರ ಮಗಳು ಒಂದೇ ತರಗತಿಯಲ್ಲಿದ್ದಾರೆ. ಇವನು ವೈರಿಯೂ ಹೌದು, ನೆರೆಯವನೂ ಹೌದು. ಯೇಸುವಿನ ಎರಡು ಆದೇಶಗಳು, ಅಂದರೆ ನೆರೆಯವನನ್ನು ಪ್ರೀತಿಸಬೇಕೆಂಬುದು ಮತ್ತು ವೈರಿಯನ್ನು ಪ್ರೀತಿಸಬೇಕೆಂಬುದು, ಇಂತಹ ಊರಿನಲ್ಲಿ ಒಬ್ಬನೇ ಮನುಷ್ಯನ ಮೇಲೆ ಬಂದು ನಿಲ್ಲುತ್ತವೆ. ಇಲ್ಲಿ ಪ್ರೀತಿ ಎಂದರೆ ಒಂದು ಭಾವನೆಯಲ್ಲ; ಸೋಮವಾರ ಬೆಳಿಗ್ಗೆ ಅದೇ ಅಂಗಡಿಗೆ ಹೋಗಿ ‘ಅಣ್ಣಾ, ಅರ್ಧ ಕೇಜಿ ಸಕ್ಕರೆ’ ಎಂದು ಕೇಳುವ ಧೈರ್ಯ.

ಈ ಸಂಬಂಧದ ಮಧ್ಯೆ ಕಾನೂನು ಕೈ ಹಾಕಿದರೆ ಏನಾಗುತ್ತದೆ? ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಇದಕ್ಕೆ ನಿದರ್ಶನ. 2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರಗೊಂಡು, 2022ರ ಮೇಯಲ್ಲಿ ಸುಗ್ರೀವಾಜ್ಞೆಯಾಗಿ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಗಿ ಬಂದ ಇದು ಮತಾಂತರ ಹೊಂದಲು ಬಯಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದಿತು. ಆ ಹೆಸರನ್ನು ತಹಶೀಲ್ದಾರರ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿ ಆಕ್ಷೇಪಣೆ ಕರೆಯಬೇಕೆಂದಿತು. ದೂರು ಕೊಡಬಲ್ಲವರು ಯಾರು? ತಂದೆ ತಾಯಿ, ಒಡಹುಟ್ಟಿದವರು, ಬಂಧುಗಳು ಮಾತ್ರವಲ್ಲ, ಸಹೋದ್ಯೋಗಿ ಮತ್ತು ಯಾವುದೇ ರೀತಿಯಲ್ಲಿ ಒಡನಾಟವುಳ್ಳವರು ಕೂಡ. ಸಾಮಾನ್ಯ ಪ್ರಕರಣದಲ್ಲಿ ಮೂರರಿಂದ ಐದು ವರ್ಷ ಸಜೆ; ಮತಾಂತರಗೊಂಡವರು ಮಹಿಳೆ, ಅಪ್ರಾಪ್ತರು ಅಥವಾ ಪರಿಶಿಷ್ಟ ಜಾತಿ-ಪಂಗಡದವರಾಗಿದ್ದರೆ ಹತ್ತು ವರ್ಷದವರೆಗೆ. ಯಗಟಿಯವರೊಬ್ಬರ ಹೆಸರು ಕಡೂರಿನ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ತೂಗುತ್ತದೆ ಎಂದರೆ ಸುತ್ತಲಿನ ಪ್ರತಿ ಒಡನಾಡಿಯೂ ಒಬ್ಬ ಸಂಭಾವ್ಯ ದೂರುದಾರನಾದಂತೆ. ನೆರೆಯವನು ವೈರಿಯಾಗದೆ ಉಳಿದಿದ್ದರೂ ಕಾನೂನು ಅವನಿಗೆ ಆ ಅರ್ಜಿಯನ್ನು ಮುದ್ರಿಸಿ ಕೊಟ್ಟಿತು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಚಿವ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಮಸೂದೆ ಮಂಡನೆಗೆ ಮೊದಲೇ, 2021ರ ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಕ್ರೈಸ್ತರ ಮೇಲೆ ನಡೆದ 39 ಘಟನೆಗಳನ್ನು ಪಿಯುಸಿಎಲ್ ದಾಖಲಿಸಿತ್ತು. ಕಾಯ್ದೆ ಬರುವ ಮೊದಲೇ ಬೀದಿಯಲ್ಲಿ ಅದರ ಜಾರಿ ಶುರುವಾಗಿತ್ತು ಎಂದರೂ ತಪ್ಪಾಗದು.

ಇದರ ಬೇರು 2008ರಲ್ಲಿದೆ. ಆ ವರ್ಷ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಮಿಲಾಗ್ರಿಸ್ ಚರ್ಚ್ ಬಳಿಯ ಕ್ಲಾರಾ ಭಗಿನಿಯರ ಆರಾಧನಾ ಮಠಕ್ಕೆ ಗುಂಪು ನುಗ್ಗಿ ಶಿಲುಬೆ ಮುರಿಯಿತು. ಆ ಮಠದ ಸನ್ಯಾಸಿನಿಯರು ಹೊರಗೆ ಹೋಗಿ ಪ್ರಚಾರ ಮಾಡುವವರೇ ಅಲ್ಲ. ಗೋಡೆಗಳ ಒಳಗೆ ಇಡೀ ಬದುಕನ್ನು ಪ್ರಾರ್ಥನೆಯಲ್ಲಿ ಕಳೆಯುವವರು. ಅದೇ ದಿನಗಳಲ್ಲಿ ಉಡುಪಿ ಜಿಲ್ಲೆಯಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕೊಪ್ಪ, ಕಡೂರು ತಾಲ್ಲೂಕುಗಳಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಮಂಗಳೂರಿನಲ್ಲಿ ಪ್ರತಿಭಟಿಸಿದ ಕ್ರೈಸ್ತರ ಮೇಲೆ ಪೊಲೀಸರು ಲಾಠಿ ಬೀಸಿದರು. ಚರ್ಚಿನ ಆವರಣಗಳಿಗೂ ನುಗ್ಗಿದರು. ಕೆಲವೆಡೆ ಕ್ರೈಸ್ತ ಯುವಕರೂ ಕಲ್ಲು ತೂರಿದರು. ಬಿಷಪರು ಶಾಂತಿಗಾಗಿ ಮನವಿ ಮಾಡಿಕೊಂಡರು. ಆಗ ಸಾರ್ವಜನಿಕ ಚರ್ಚೆ ಎತ್ತ ತಿರುಗಿತು? ನೂರಾರು ಲಾಠಿಗಳು ಹಿಂದೆ ಸರಿದು ಆ ಕೆಲವು ಕಲ್ಲುಗಳೇ ಮುಂದೆ ಬಂದವು. ‘ಕ್ರೈಸ್ತರು ಕಲ್ಲು ಎಸೆಯಬಹುದೇ?’ ಎಂದು ಎಲ್ಲರೂ ಕೇಳಿದರು. ಪರ್ವತ ಪ್ರಸಂಗವು ಅಂದು ಒಂದು ಸಮುದಾಯದ ನಡತೆ ಅಳೆಯುವ ಪೊಲೀಸ್ ಮಾನದಂಡವಾಗಿ ಬಿಟ್ಟಿತು. ಬೇರೆ ಸಮುದಾಯದ ಯುವಕನ ಕೋಪ ‘ಸಹಜ ಪ್ರತಿಕ್ರಿಯೆ’ಯಾದರೆ ಕ್ರೈಸ್ತ ಯುವಕನ ಕೋಪ ಧರ್ಮಭ್ರಷ್ಟತೆ! (ಮುಸ್ಲಿಮ್ ಯುವಕನ ಕೋಪಕ್ಕೆ ಸಿಗುವ ಹೆಸರನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.)

ಮಂಗಳೂರಿಗೆ ಹತ್ತಿರದ ಮಂಜೇಶ್ವರದಲ್ಲಿ ಬದುಕಿದ ಎಂ. ಗೋವಿಂದ ಪೈಯವರು ಯೇಸುವಿನ ಅಂತಿಮ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದರೆಂಬುದನ್ನು ಇಂದಿನ ಕರಾವಳಿ ಎಷ್ಟು ನೆನಪಿಟ್ಟುಕೊಂಡಿದೆಯೋ ತಿಳಿಯದು. ಕ್ರೈಸ್ತರಲ್ಲದ ಒಬ್ಬ ಕವಿ ಶಿಲುಬೆಯ ನೋವನ್ನು ಕನ್ನಡದ ನೋವಾಗಿಸಿದ ಕಾವ್ಯ ಅದು. ಶಿಲುಬೆಯ ಮೇಲೆ ಯೇಸು ತನ್ನನ್ನು ಕೊಲ್ಲುತ್ತಿರುವವರಿಗೆ ಕ್ಷಮೆ ಬೇಡುವ ಸಂದರ್ಭ ಎಲ್ಲರಿಗೂ ಗೊತ್ತು. ಆ ಬೇಡಿಕೆಗೆ ಲೂಕನ ಸುವಾರ್ತೆ ಕೊಡುವ ಕಾರಣ ಅವರ ಅಜ್ಞಾನ. 2008ರ ಸಂದರ್ಭದಲ್ಲಿ ಈ ಕಾರಣವನ್ನು ಹೇಗೆ ಹಚ್ಚುವುದು? ಬಜರಂಗ ದಳದ ಅಂದಿನ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್ ಮಾಧ್ಯಮಗಳ ಮುಂದೆಯೇ ದಾಳಿಗಳ ಹೊಣೆ ಹೊತ್ತುಕೊಂಡರು. ಸೆಪ್ಟೆಂಬರ್ 19ರಂದು ಬಂಧನಕ್ಕೂ ಒಳಗಾದರು. ತಾವು ಏನು ಮಾಡಿದೆವೆಂದು ಅರಿಯದೆ ಮಾಡಿದವರಲ್ಲ, ಮಾಡಿ ಹೇಳಿಕೊಂಡವರು. ಹಾಗೆ ಹೇಳಿಕೊಂಡವರನ್ನು ಕ್ಷಮಿಸುವುದು ಹೆಚ್ಚು ಕಷ್ಟ, ಆದರೆ ಹೆಚ್ಚು ಪ್ರಾಮಾಣಿಕ. ಏಕೆಂದರೆ ಯಾರನ್ನು, ಯಾವುದಕ್ಕಾಗಿ ಎಂಬ ಎರಡೂ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ.

ಆ ಉತ್ತರವನ್ನು ಅಳಿಸಿದ್ದು ಸರಕಾರ ನೇಮಿಸಿದ ತನಿಖಾ ಆಯೋಗ. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2010ರ ಫೆಬ್ರವರಿಯಲ್ಲಿ ಮಧ್ಯಂತರ ವರದಿಯನ್ನೂ 2011ರ ಜನವರಿ 28ರಂದು ಅಂತಿಮ ವರದಿಯನ್ನೂ ಕೊಟ್ಟಿತು. ಅಂತಿಮ ವರದಿಯ ಪ್ರಕಾರ ದಾಳಿಗಳಲ್ಲಿ ಸರಕಾರವಾಗಲಿ, ಆಡಳಿತ ಪಕ್ಷವಾಗಲಿ, ಸಂಘ ಪರಿವಾರದ ಮುಖ್ಯ ಸಂಘಟನೆಗಳಾಗಲಿ ನೇರವಾಗಿಯೋ ಪರೋಕ್ಷವಾಗಿಯೋ ಭಾಗಿಯಾಗಿರಲಿಲ್ಲ. ಅದೇನಿದ್ದರೂ ದಾರಿ ತಪ್ಪಿದ ಕೆಲವರ ಕೃತ್ಯ. ನಿವೃತ್ತ ನ್ಯಾಯಮೂರ್ತಿ ಮೈಕಲ್ ಸಲ್ಡಾನ ಸ್ವತಂತ್ರವಾಗಿ ವಿಚಾರಣೆ ನಡೆಸಿ ಇದಕ್ಕೆ ನೇರ ವಿರುದ್ಧವಾದ ತೀರ್ಮಾನಕ್ಕೆ ಬಂದರು. ಆಯೋಗದ ವರದಿಯನ್ನು ರಾಜಕೀಯವಾಗಿ ಹಲವರು ಟೀಕಿಸಿದ್ದಾರೆ. ನನಗೆ ಅದರ ಧಾರ್ಮಿಕ ಪರಿಣಾಮವೂ ಗಂಭೀರವೆನಿಸುತ್ತದೆ. ವರದಿ ಹೇಳಿದಂತೆ ಸಂಘಟಿತ ವೈರಿ ಇಲ್ಲವೇ ಇಲ್ಲ ಎಂದಾದರೆ ಆ ಸನ್ಯಾಸಿನಿಯರು ಕ್ಷಮಿಸುವುದು ಯಾರನ್ನು? ಗಾಳಿಯನ್ನೇ? ಅಪರಾಧಿಯ ಹೆಸರನ್ನು ಮರೆಮಾಚುವ ಪ್ರಭುತ್ವ ಸಂತ್ರಸ್ತನಿಂದ ನ್ಯಾಯವನ್ನಷ್ಟೇ ಕಿತ್ತುಕೊಳ್ಳುವುದಿಲ್ಲ, ಕ್ಷಮಿಸುವ ಅವಕಾಶವನ್ನೂ ಕಿತ್ತುಕೊಳ್ಳುತ್ತದೆ.

ಅದೇ ತಿಂಗಳು ದಿಲ್ಲಿಯಲ್ಲಿ ಇನ್ನೊಂದು ತೀರ್ಪು ಬಂತು. 1999ರ ಜನವರಿಯಲ್ಲಿ ಒರಿಸ್ಸಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಅವರು ಮಲಗಿದ್ದ ವಾಹನಕ್ಕೆ ಬೆಂಕಿ ಹಚ್ಚಿ ಕೊಂದ ಪ್ರಕರಣ. 2011ರ ಜನವರಿ 21ರಂದು ಸುಪ್ರೀಂ ಕೋರ್ಟ್ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಸ್ಟೇನ್ಸರ ಮತಪ್ರಚಾರಕ್ಕೆ ಪಾಠ ಕಲಿಸುವುದು ಕೊಂದವರ ಉದ್ದೇಶವಾಗಿತ್ತೆಂಬ ಅರ್ಥದ ಮಾತನ್ನೂ ತೀರ್ಪಿನಲ್ಲಿ ಸೇರಿಸಿತ್ತು. ಟೀಕೆಗಳು ಬಂದ ಮೇಲೆ ನಾಲ್ಕೇ ದಿನಗಳಲ್ಲಿ ಅದನ್ನು ತೆಗೆದುಹಾಕಿತು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದಿದ್ದು ಜಗತ್ತಿಗೇ ಗೊತ್ತಿದೆ. 2005ರಲ್ಲಿ ಅವರಿಗೆ ಪದ್ಮಶ್ರೀ ಕೂಡ ಬಂತು. ಆದರೆ ಅವರು ಹೇಳಿದ ಇನ್ನೊಂದು ಮಾತನ್ನು ನಮ್ಮ ಸಂಪಾದಕೀಯಗಳು ಅಷ್ಟಾಗಿ ಎತ್ತಿಕೊಳ್ಳಲಿಲ್ಲ. ಕ್ಷಮೆಯೇ ಬೇರೆ, ಅಪರಾಧದ ಪರಿಣಾಮವೇ ಬೇರೆ, ಕಾನೂನು ತನ್ನ ದಾರಿಯಲ್ಲಿ ಹೋಗಬೇಕು ಎಂಬುದು ಅವರ ನಿಲುವಾಗಿತ್ತು. ಹೆಂಡತಿಯಾಗಿ, ತಾಯಿಯಾಗಿ ಅವರು ಬಿಟ್ಟುಕೊಟ್ಟದ್ದು ದ್ವೇಷವನ್ನು. ಪ್ರಜೆಯಾಗಿ ಅವರು ದಾವೆಯನ್ನು ಬಿಟ್ಟುಕೊಡಲಿಲ್ಲ. ಈ ಎರಡನ್ನೂ ಬೆರೆಸಿ, ‘ಅಮ್ಮನೇ ಕ್ಷಮಿಸಿದ ಮೇಲೆ ನಿಮ್ಮದೇನು?’ ಎನ್ನುವವರು ಗ್ಲಾಡಿಸರನ್ನು ಹೊಗಳುತ್ತಿಲ್ಲ, ಬಳಸಿಕೊಳ್ಳುತ್ತಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಕ್ರೈಸ್ತ ಸಮಾಜದೊಳಗಿನ ಸಂಗತಿಗಳನ್ನು ಬಿಟ್ಟುಬಿಡುವುದು ಪ್ರಾಮಾಣಿಕವಾಗದು. 2008ರಲ್ಲಿ ದಾಳಿಗೆ ನೆಪವಾಗಿ ತೋರಿಸಿದ್ದು ನ್ಯೂ ಲೈಫ್ ಪಂಗಡವನ್ನು ಮತ್ತು ಹಿಂದೂ ದೇವತೆಗಳನ್ನು ಹೀನಾಯವಾಗಿ ಚಿತ್ರಿಸಿದೆ ಎಂಬ ಆಕ್ಷೇಪಕ್ಕೆ ಗುರಿಯಾದ ‘ಸತ್ಯದರ್ಶಿನಿ’ ಎಂಬ ಪುಸ್ತಕವನ್ನು. ಪುಸ್ತಕಕ್ಕೆ ಉತ್ತರ ಕಬ್ಬಿಣದ ರಾಡು ಅಲ್ಲ ಎಂಬುದು ಬೇರೆ ಮಾತು. ಆದರೆ ನೆರೆಯವನು ಕೈ ಮುಗಿಯುವ ದೇವರನ್ನು ತೆಗಳಿ ಆಮೇಲೆ ಅವನ ವಿರೋಧವನ್ನು ಪ್ರೀತಿಯಿಂದ ಸಹಿಸುತ್ತೇನೆ ಎನ್ನುವುದರಲ್ಲಿ ಪ್ರೀತಿ ಎಲ್ಲಿದೆ? ಅಲ್ಲಾಹನ ಹೊರತು ಇತರರನ್ನು ಪೂಜಿಸುವವರ ಆರಾಧ್ಯರನ್ನು ನಿಂದಿಸಬಾರದೆಂದು ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯ ಸ್ಪಷ್ಟವಾಗಿ ತಡೆಯುತ್ತದೆ. ಇದು ನಮ್ಮ ಕೆಲವು ಭಾಷಣಕಾರರಿಗೂ ನೆನಪಿರಬೇಕಾದ ಮಾತು.

ಇನ್ನೊಂದು ಸಂಗತಿ ಇದಕ್ಕಿಂತ ನೋವಿನದು. ದಾಳಿಯ ಬಳಿಕ ಕೆಥೊಲಿಕ್ ಮುಖಂಡರು ‘ನಾವು ಮತಾಂತರ ಮಾಡುವವರಲ್ಲ, ನ್ಯೂ ಲೈಫ್‌ಗೂ ನಮಗೂ ಸಂಬಂಧವಿಲ್ಲ’ ಎಂದು ಸ್ಪಷ್ಟನೆ ಕೊಟ್ಟರು. ಅದು ನಿಜವೂ ಆಗಿತ್ತು. ಆದರೆ ಆ ಸ್ಪಷ್ಟನೆಯ ನೆರಳಿನಲ್ಲಿ ಬಾಡಿಗೆ ಕೊಠಡಿಯಲ್ಲಿ ಪ್ರಾರ್ಥಿಸುವ ಸಣ್ಣ ಸಭೆಗಳು ಒಂಟಿಯಾದವು. ದೊಡ್ಡ ಚರ್ಚಿಗೆ ಸಂಸ್ಥೆಗಳಿವೆ, ಶಾಲೆ, ಆಸ್ಪತ್ರೆ, ವಕೀಲರಿದ್ದಾರೆ. ಹಳ್ಳಿಯ ಸಭೆಯಲ್ಲಿರುವವರು ಬಹುಪಾಲು ದಲಿತರು, ಕೂಲಿಯವರು, ಹೆಂಗಸರು. ದೂರದ ವೈರಿಗಾಗಿ ಭಾನುವಾರ ಪ್ರಾರ್ಥಿಸುವುದು ಒಂದು ತೆರನಾದರೆ, ಮುಜುಗರ ತರುವ ಬಡ ಸಹೋದರನ ಪಕ್ಕದಲ್ಲಿ ಠಾಣೆಯ ಬೆಂಚಿನ ಮೇಲೆ ಕೂರುವುದು ಇನ್ನೊಂದು ತೆರ. ಎರಡನೆಯದೇ ಹೆಚ್ಚು ಕಷ್ಟವೆಂದು 2008 ತೋರಿಸಿಕೊಟ್ಟಿತು. ನಮ್ಮಲ್ಲೂ ಒಳ್ಳೆಯ ಮುಸ್ಲಿಮ್, ಕೆಟ್ಟ ಮುಸ್ಲಿಮ್ ಎಂಬ ವಿಂಗಡಣೆಗೆ ನಾವೇ ಸಹಿ ಹಾಕಿ ಕೊಟ್ಟ ಉದಾಹರಣೆಗಳಿರುವುದರಿಂದ ಇದನ್ನು ಬೆರಳು ತೋರಿಸುವ ಧಾಟಿಯಲ್ಲಿ ಹೇಳುತ್ತಿಲ್ಲ.

ಪ್ರವಾದಿ ಈಸಾ(ಅ)ರ ಬೋಧನೆಗೂ ಕುರ್‌ಆನಿನ ಬೋಧನೆಗೂ ಇಲ್ಲಿ ಒಂದು ಒತ್ತಿನ ವ್ಯತ್ಯಾಸವಿದೆಯೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕೆಡುಕಿಗೆ ಅಷ್ಟೇ ಪ್ರಮಾಣದ ಪ್ರತಿಫಲ ಪಡೆಯುವ ಹಕ್ಕನ್ನು ಕುರ್‌ಆನ್ ಮಾನ್ಯ ಮಾಡುತ್ತದೆ. ಕ್ಷಮಿಸಿದವನ ಪ್ರತಿಫಲ ಅಲ್ಲಾಹನ ಬಳಿ ಇದೆ ಎಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಹಕ್ಕು ಇದ್ದವನ ಕ್ಷಮೆಗೆ ಮಾತ್ರ ಬೆಲೆ ಎಂಬುದು ಇದರ ತಿರುಳು. ಕೆಡುಕನ್ನು ಅತ್ಯುತ್ತಮವಾದುದರಿಂದ ತಡೆದರೆ ನಿನ್ನೊಡನೆ ಹಗೆತನವಿದ್ದವನು ಆಪ್ತ ಮಿತ್ರನಂತಾಗಬಹುದೆಂದು ಇನ್ನೊಂದೆಡೆ ಹೇಳುತ್ತದೆ. ಮಕ್ಕಾ ವಿಜಯದ ದಿನ ಪ್ರವಾದಿ ಮುಹಮ್ಮದ್(ಸ) ಕುರೈಶರನ್ನು ಕ್ಷಮಿಸಿದ್ದು ಗೆದ್ದ ಮೇಲೆ. ಪರ್ವತ ಪ್ರಸಂಗವನ್ನು ಕೇಳಿದವರು ಗೆದ್ದವರಾಗಿರಲಿಲ್ಲ. ಇಂದಿನ ಭಾರತದ ಅಲ್ಪಸಂಖ್ಯಾತರಾದ ನಾವಿಬ್ಬರೂ ಈ ಎರಡನೆಯ ಸ್ಥಿತಿಯಲ್ಲಿದ್ದೇವೆ. ಆದ್ದರಿಂದ ಗೆಲ್ಲದವನ ಕ್ಷಮೆ ಹೇಗಿರಬೇಕೆಂಬ ಪ್ರಶ್ನೆಯನ್ನು ಮುಸ್ಲಿಮರು ತಮ್ಮ ಕ್ರೈಸ್ತ ನೆರೆಯವರೊಡನೆ ಕುಳಿತು ಚರ್ಚಿಸುವ ಅಗತ್ಯವಿದೆ.

ವೈರಿ ಬದಲಾಗಬಲ್ಲನೇ? ಈ ಪ್ರಶ್ನೆಗೆ ಕನ್ನಡದ ಮನಸ್ಸು ಕೊಟ್ಟುಕೊಂಡ ಉತ್ತರ ‘ಗೋವಿನ ಹಾಡು’. ಪುಣ್ಯಕೋಟಿಯ ಸತ್ಯಕ್ಕೆ ಹುಲಿಯ ಮನಸ್ಸು ಕರಗುತ್ತದೆ. ಆದರೆ ಕರಗಿದ ಹುಲಿ ಏನು ಮಾಡುತ್ತದೆ? ಪ್ರಾಣ ಬಿಡುತ್ತದೆ. ಮಕ್ಕಳಾಗಿದ್ದಾಗ ನಾವೆಲ್ಲ ಕಣ್ಣೀರಿಟ್ಟ ಆ ಮುಕ್ತಾಯದಲ್ಲಿ ಒಂದು ಅನುಕೂಲವಿದೆ. ಬದಲಾದ ಹುಲಿಯನ್ನು ಮರುದಿನದಿಂದ ಎಲ್ಲಿ ಇಟ್ಟುಕೊಳ್ಳುವುದು, ಅದರೊಡನೆ ಹೇಗೆ ಮಾತಾಡುವುದು, ಅದು ಈ ಹಿಂದೆ ತಿಂದ ಹಸುಗಳ ಕರುಗಳಿಗೆ ಏನು ಹೇಳುವುದು ಎಂಬ ಯಾವ ತೊಂದರೆಯೂ ದೊಡ್ಡಿಗೆ ಇರುವುದಿಲ್ಲ.

ಮಹೇಂದ್ರ ಕುಮಾರ್ ವಿಷಯದಲ್ಲಿ ಆ ತೊಂದರೆ ನಿಜವಾಗಿಯೂ ಎದುರಾಯಿತು. ಕೊಪ್ಪದವರಾದ ಅವರು ದತ್ತಪೀಠದ ಹೆಸರಿನಲ್ಲಿ ಹಗೆತನ ಬೆಳೆದ ಚಿಕ್ಕಮಗಳೂರು ಜಿಲ್ಲೆಯದೇ ಕೂಸು. 2008ರ ಬಳಿಕ ಅವರು ಬಜರಂಗ ದಳದಿಂದ ಹೊರಬಂದರು, ಜೆಡಿಎಸ್ ಸೇರಿದರು. ಕೊನೆಯ ವರ್ಷಗಳಲ್ಲಿ ‘ನಮ್ಮ ಧ್ವನಿ’ ಎಂಬ ವೇದಿಕೆ ಕಟ್ಟಿಕೊಂಡು, ತಾವು ಬಿಟ್ಟುಬಂದ ರಾಜಕಾರಣದ ವಿರುದ್ಧ ಊರೂರು ತಿರುಗಿ ಮಾತನಾಡಿದರು. ಹಿಂದುಳಿದ ವರ್ಗದ ಹುಡುಗರನ್ನು ಬಳಸಿ ಎಸೆಯುತ್ತಾರೆ ಎಂಬುದು ಅವರ ಭಾಷಣದ ಮುಖ್ಯ ಧಾಟಿ. ನವೀನ್ ಸೂರಿಂಜೆ ಅವರ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಅವರನ್ನು ನಂಬಬೇಕೇ ಬೇಡವೇ ಎಂಬ ಅನುಮಾನ ಜಾತ್ಯತೀತ ವಲಯದಲ್ಲೇ ಬಹುಕಾಲ ಇತ್ತು. ಅನುಮಾನ ಸಹಜ, ಅದರಲ್ಲಿ ತಪ್ಪು ಹುಡುಕಲಾಗದು. ಮುರಿದ ಶಿಲುಬೆಯ ಲೆಕ್ಕ ಕೇಳುವ ಹಕ್ಕು ಕ್ರೈಸ್ತರಿಗೆ ಇದ್ದೇ ಇದೆ. ಆದರೆ ವೈರಿಪ್ರೀತಿಯ ಮೇಲೆ ವರ್ಷವಿಡೀ ಉಪದೇಶಗಳು ನಡೆಯುವ ನಾಡಿನಲ್ಲಿ, ಹೊಣೆ ಒಪ್ಪಿಕೊಂಡ ಒಬ್ಬ ವೈರಿ ಆ ಹಾದಿಯನ್ನೇ ಬಿಟ್ಟು ಮೈಕಿನ ಮುಂದೆ ನಿಂತಾಗ ಅವನನ್ನು ಎದುರಿಗೆ ಕೂರಿಸಿ, ಅಂದು ಏನಾಯಿತು, ಯಾರು ಹೇಳಿದರು, ಯಾರು ಸುಮ್ಮನಿದ್ದರು ಎಂದು ಕೇಳುವ ಒಂದು ಅಧಿಕೃತ ಪೀಠವನ್ನು ಯಾರೂ ಒದಗಿಸಲಿಲ್ಲ. ಆಯೋಗದ ಬಾಗಿಲು 2011ರಲ್ಲೇ ಮುಚ್ಚಿತ್ತು. ದಕ್ಷಿಣ ಆಫ್ರಿಕದಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 1996ರಿಂದ ಸತ್ಯ ಮತ್ತು ಸಾಮರಸ್ಯ ಆಯೋಗದಲ್ಲಿ ಮಾಡಿದ್ದು ಇದನ್ನೇ. ಅಲ್ಲಿ ಕ್ಷಮಾದಾನ ಬೇಕಾದವನು ಮೊದಲು ಎಲ್ಲವನ್ನೂ ಬಿಚ್ಚಿ ಹೇಳಬೇಕಿತ್ತು.

ಮಹೇಂದ್ರ ಕುಮಾರ್ 2020ರ ಏಪ್ರಿಲ್ 25ರಂದು, ಲಾಕ್‌ಡೌನಿನ ನಡುವೆ, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತೂ ಆಗಿರಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಅವರು ಆಡಿದ ಮಾತು ಈಗಲೂ ವರದಿಗಳಲ್ಲಿ, ಪೊಲೀಸ್ ಕಡತಗಳಲ್ಲಿ ಇದೆ. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಅವರು ಆಡಿದ ಮಾತುಗಳು ಇರುವುದು ಅವರ ಭಾಷಣ ಕೇಳಲು ಬಂದವರ ಮೊಬೈಲ್‌ಗಳಲ್ಲಿ.